ಹೊಯ್ಗೆ ಹಿತ್ತಲಲ್ಲಿ ಬಸಳೆ ಚಪ್ಪರ

ನಾನು 31 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಬಹುಪಾಲು ಕಾರವಾರ–ಹುಬ್ಬಳ್ಳಿ ರೂಟು. ಹುಬ್ಬಳ್ಳಿಯಿಂದ ಬೆಳಗಿನ ಜಾವ ಹೊರಟರೆ ಬಸ್ಸಿನ ಮೇಲೆ ಟೊಮೆಟೊ ಟ್ರೇ, ಹಿಂದಿನ ಸೀಟಿನ ಹತ್ತಿರ ಕೊತ್ತಂಬರಿ ಚೀಲ, ಮೂಲಂಗಿ ಕಟ್ಟು. ಯಲ್ಲಾಪುರದಲ್ಲಿ ಒಂದಿಷ್ಟು ಇಳಿಯುತ್ತಿತ್ತು. ಉಳಿದದ್ದು ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ, ಕಾರವಾರಕ್ಕೆ. ಲಗೇಜ್ ಟಿಕೆಟ್ ಹರಿಯುವಾಗ "ಇದು ಯಾವ ಊರಿನ ಸೊಪ್ಪು?" ಎಂದು ಕೇಳುತ್ತಿದ್ದೆ. "ಅಮರಗೋಳ ಎಪಿಎಂಸಿ ಮಾಲು" ಅನ್ನುತ್ತಿದ್ದರು. ಇಲ್ಲವೇ "ಬೆಳಗಾವಿ ಮಾಲು". ಬೆಳೆದವರ ಊರು ಯಾವುದು ಎಂದು ತಂದವರಿಗೂ ಗೊತ್ತಿರಲಿಲ್ಲ. ಸಂಜೆ ಅದೇ ಸೊಪ್ಪನ್ನು ಅಂಗಡಿಯಿಂದ ಕೊಂಡು ನಾನೇ ಮನೆಗೆ ತರುತ್ತಿದ್ದೆ.

2017ರಲ್ಲಿ ನಿವೃತ್ತನಾದೆ. ನಮ್ಮ ಮನೆ ಅಂಕೋಲಾ ತಾಲ್ಲೂಕಿನ ಅವರ್ಸಾದಲ್ಲಿ. ಕಡಲು ಹತ್ತಿರ, ಹಿತ್ತಲು ಪೂರ್ತಿ ಹೊಯ್ಗೆ, ಅಂದರೆ ಮರಳು. ಆರು ತೆಂಗು, ಒಂದು ಮುರುಗಲು ಮರ, ಬಾವಿ. ಕನಿಷ್ಠ ಒಂದು ಸೊಪ್ಪಾದರೂ ಎಲ್ಲಿಂದ ಬಂತು ಎಂದು ಗೊತ್ತಿರಬೇಕು ಅನ್ನಿಸಿತು. ಬಸಳೆಯಿಂದ ಶುರು ಮಾಡಿದೆ. ಎರಡು ಸಲ ಹಾಳಾಯಿತು. ಮೂರನೇ ವರ್ಷದಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಬಸಳೆ ಕೊಂಡಿಲ್ಲ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ನಮ್ಮೂರ ಅಂಗಡಿಯಲ್ಲಿ ಈರುಳ್ಳಿ, ಬಾಡಿದ ಎಲೆಕೋಸು ಬಿಟ್ಟರೆ ಏನೂ ಇರಲಿಲ್ಲ. ಆ ವಾರ ಮಾಡಿನ (ಸೂರಿನ) ಕೆಳಗಿದ್ದ ನಮ್ಮ ಎರಡು ಬಳ್ಳಿಯಿಂದ ನಾಲ್ಕು ಮನೆಗೆ ಸೊಪ್ಪು ಹೋಯಿತು.

ಕಾರವಾರದಿಂದ ಹೊನ್ನಾವರದವರೆಗೆ ಕಡಲ ಬದಿಯಲ್ಲಿ, ಹೊಯ್ಗೆ ಹಿತ್ತಲು ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸಿರಸಿ, ಸಿದ್ದಾಪುರ ಕಡೆಯವರಿಗೆ ಸೊಪ್ಪಿನ ಬೆಟ್ಟ ಇದೆ, ಕೊಟ್ಟಿಗೆ ಗೊಬ್ಬರ ಇದೆ, ಕೆಂಪು ಮಣ್ಣಿದೆ. ಅವರ ಕಷ್ಟ ಬೇರೆ. ನಮ್ಮ ಕಷ್ಟ ಒಂದೇ: ಏನು ಹಾಕಿದರೂ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಮೊದಲು ಮಣ್ಣು ನೋಡಿ

ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೂರನೇ ಒಂದು ಭಾಗ ನಿಮ್ಮ ಹಿತ್ತಲ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಅಲ್ಲಾಡಿಸಿ ಕಿಟಕಿ ಹತ್ತಿರ ಇಡಿ. ಹೊಯ್ಗೆ ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ಜೇಡಿ ಮಣ್ಣು ಕೂರುವುದಕ್ಕೆ ಒಂದು ದಿನ ಬೇಕು. ಕೊಳೆತ ಎಲೆಯ ಚೂರು ಮೇಲೆ ತೇಲುತ್ತದೆ. ನಮ್ಮ ಬಾಟಲಿಯಲ್ಲಿ ಎರಡೇ ನಿಮಿಷಕ್ಕೆ ಮೇಲಿನ ನೀರು ತಿಳಿಯಾಗಿತ್ತು. ಅಂದರೆ ಜೇಡಿ ಇಲ್ಲವೇ ಇಲ್ಲ, ಎಲೆ ಗೊಬ್ಬರವೂ ಇಲ್ಲ.

ಇದನ್ನು ಮೊದಲೇ ನೋಡಿದ್ದರೆ ಮೊದಲ ವರ್ಷ ಅಷ್ಟು ನಷ್ಟ ಆಗುತ್ತಿರಲಿಲ್ಲ. ಜೂನ್ ಮೊದಲ ವಾರ ಒಂದು ಗಾಡಿ ಸಗಣಿ ಗೊಬ್ಬರ ತರಿಸಿ ಮೂರು ಹೊಂಡಕ್ಕೆ ಒಂದೇ ದಿನ ಸುರಿದೆ. ಜಾಸ್ತಿ ಹಾಕಿದರೆ ಜಾಸ್ತಿ ಬೆಳೆಯುತ್ತದೆ ಅಂತ ನಂಬಿದ್ದೆ. ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹೊಯ್ಗೆಯ ಕಾಳು ದಪ್ಪ. ನೀರನ್ನೂ ಹಿಡಿಯುವುದಿಲ್ಲ, ಗೊಬ್ಬರದ ಸಾರವನ್ನೂ ಹಿಡಿಯುವುದಿಲ್ಲ. ಎಲೆ ಹಸಿರಾಗಿರಲು ಬೇಕಾದ ಸಾರಜನಕ ನೀರಿನ ಜೊತೆ ಕರಗಿ ಕೆಳಗೆ ಹೋಗಿಬಿಡುತ್ತದೆ. ಆಗಸ್ಟ್ ಹೊತ್ತಿಗೆ ಬಳ್ಳಿ ಹಳದಿಯಾಗಿ, ಎಲೆ ರೂಪಾಯಿ ನಾಣ್ಯದಷ್ಟಾಯಿತು.

ನಮ್ಮ ಕೇರಿಗೆ ತರಕಾರಿ ಹೊತ್ತು ಬರುವ ಹಾಲಕ್ಕಿ ಒಕ್ಕಲಿಗರ ಅಜ್ಜಿ ಒಬ್ಬರಿದ್ದಾರೆ. ನಾನು ಬಸ್ಸಿನಲ್ಲಿದ್ದ ಕಾಲದಿಂದ ಪರಿಚಯ. ಬುಟ್ಟಿ ಇಳಿಸಿ ಬಳ್ಳಿ ನೋಡಿದರು. "ತಮಾ, ಕೂಸಿಗೆ ಒಂದೇ ಸಲ ಒಂದು ಪಾತ್ರೆ ಗಂಜಿ ಕುಡಿಸ್ತ್ಯಾ? ಹೊಯ್ಗೆಗೆ ಹೊಟ್ಟೆ ಇಲ್ಲ. ಸ್ವಲ್ಪ ಸ್ವಲ್ಪ ಹಾಕು. ಮತ್ತೆ ಮತ್ತೆ ಹಾಕು" ಅಂದರು. ಈ ಬರಹದಲ್ಲಿ ನಾನು ಹೇಳುವುದೆಲ್ಲ ಅವರ ಆ ಮಾತಿನಿಂದಲೇ ಹುಟ್ಟಿದ್ದು.

ಹೊಂಡ

ಜಾಗ ಆರಿಸುವಾಗ ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆ ನೋಡಿ. ಮಧ್ಯಾಹ್ನ ತೆಂಗಿನ ನೆರಳು ಬಿದ್ದರೆ ತೊಂದರೆ ಇಲ್ಲ, ಒಳ್ಳೆಯದೇ. ಅಡುಗೆ ಮನೆ ಬಾಗಿಲಿಗೆ ಹತ್ತಿರ ಇರಲಿ. ದೂರ ಇದ್ದರೆ ದಿನಾ ನೋಡುವುದು ತಪ್ಪುತ್ತದೆ.

ನಾಲ್ಕು ಜನರ ಮನೆಗೆ ಮೂರು ಹೊಂಡ ಸಾಕು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಹೊಂಡದಿಂದ ಹೊಂಡಕ್ಕೆ ಮೂರು ಅಡಿ. ತಳದಲ್ಲಿ ತೆಂಗಿನಕಾಯಿ ಸಿಪ್ಪೆಯನ್ನು ಒಳಮುಖ ಮೇಲೆ ಬರುವ ಹಾಗೆ, ಬಟ್ಟಲು ಜೋಡಿಸಿದಂತೆ ಒತ್ತಾಗಿ ಜೋಡಿಸಿ. ಎರಡು ಸಾಲು. ಹೊಯ್ಗೆಯಲ್ಲಿ ಇಳಿದು ಹೋಗುವ ನೀರನ್ನು ಈ ಸಿಪ್ಪೆ ಹೀರಿ ಇಟ್ಟುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸಿಪ್ಪೆ ಇರುವ ಹೊಂಡಕ್ಕೆ ನಾನು ಎರಡು ದಿನಕ್ಕೊಮ್ಮೆ ನೀರು ಹಾಕಿದರೆ ನಡೆಯುತ್ತದೆ. ಸಿಪ್ಪೆ ಇಲ್ಲದ್ದು ಸಂಜೆಯೊಳಗೆ ಬಾಡುತ್ತದೆ.

ಸಿಪ್ಪೆಯ ಮೇಲೆ ಒಂದು ಗೇಣು ದರಕು, ಅಂದರೆ ಉದುರಿದ ಒಣ ಎಲೆ. ಹಲಸು, ಮಾವು, ಗೇರು, ಯಾವ ಎಲೆಯಾದರೂ ಸರಿ. ಕಾಲಿನಿಂದ ತುಳಿದು ಒತ್ತಿ. ನಮ್ಮ ಕಡಲ ಬದಿ ಗಾಳಿಮರದ ಸೂಜಿ ಎಲೆ ರಾಶಿ ಬೀಳುತ್ತದೆ. ಅದು ಬೇಗ ಕೊಳೆಯುವುದಿಲ್ಲ. ಹೊಂಡದ ಒಳಗೆ ಬೇಡ, ಕೊನೆಗೆ ಮೇಲ್ಮುಚ್ಚಿಗೆಗೆ ಇಟ್ಟುಕೊಳ್ಳಿ. ದರಕಿನ ಮೇಲೆ ಎರಡು ಬುಟ್ಟಿ ಮೇಲ್ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕಲಸಿ ತುಂಬಿ. ಗದ್ದೆಯ ಜೇಡಿ ಮಣ್ಣು ಅಥವಾ ಕೆರೆ ಹೂಳು ಸಿಕ್ಕರೆ ಅದೂ ಒಂದು ಬುಟ್ಟಿ. ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ. ಒಂದು ತಿಂಗಳಲ್ಲಿ ಅದು ತಾನೇ ಕುಸಿಯುತ್ತದೆ.

ಹಸಿ ಸಗಣಿ ಬೇಡ. ಅದು ಕೊಳೆಯುವಾಗ ಬಿಸಿಯಾಗಿ ಎಳೆ ಬೇರು ಸುಡುತ್ತದೆ. ಸಗಣಿ ರಾಶಿಯಲ್ಲಿ ಹೆಬ್ಬೆರಳು ದಪ್ಪದ, ಸಿ ಆಕಾರದಲ್ಲಿ ಮಡಚಿದ ಬಿಳಿ ಹುಳ ಸಿಕ್ಕರೆ ಆರಿಸಿ ತೆಗೆಯಿರಿ. ತೆಂಗಿನ ಸುಳಿ ಕೊರೆಯುವ ಕುರುವಾಯಿ ಹುಳು ಮರಿ ಮಾಡುವುದು ಅಲ್ಲೇ. ನಮ್ಮ ಕೋಳಿಗಳು ಗೊಬ್ಬರ ಕೆದಕುವಾಗ ಎಲ್ಲವನ್ನೂ ಹುಡುಕಿ ತಿನ್ನುತ್ತವೆ.

ಗೊಬ್ಬರ ಕೊಳ್ಳುವವರಿಗೆ ಒಂದು ಮಾತು. ಒಂದು ಸಲ ನಾನು "ಸಾವಯವ" ಎಂದು ಬರೆದಿದ್ದ ಹತ್ತು ಚೀಲ ಗೊಬ್ಬರ ಕೊಂಡೆ. ಬಿಡಿಸಿದರೆ ಗಾಜಿನ ಚೂರು, ಶಾಂಪೂ ಪೊಟ್ಟಣ. ಮಾರಿದವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಆ ದುಡ್ಡು ಹೋದದ್ದಕ್ಕಿಂತ, ಆ ಚೂರನ್ನು ಹಿತ್ತಲಿನಿಂದ ಆರಿಸಲು ಎರಡು ವರ್ಷ ಬೇಕಾಯಿತಲ್ಲ, ಅದಕ್ಕೆ ಬೇಸರ. ಈಗ ಮೊದಲು ಒಂದೇ ಚೀಲ ತರಿಸುತ್ತೇನೆ. ಕೈಯಲ್ಲಿ ಹಿಡಿದು ಮೂಸುತ್ತೇನೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಚರಂಡಿ ವಾಸನೆ ಅಥವಾ ಮೂಗಿಗೆ ಚುರ್ ಎನ್ನುವ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಆಮೇಲೆ ಒಂದು ತೆಂಗಿನ ಕರಟದಲ್ಲಿ ಆ ಗೊಬ್ಬರ ತುಂಬಿ ಹತ್ತು ಹೆಸರು ಕಾಳು ಬಿತ್ತುತ್ತೇನೆ. ಇನ್ನೊಂದರಲ್ಲಿ ಬರೀ ಮಣ್ಣು, ಹತ್ತು ಕಾಳು. ನಾಲ್ಕೈದು ದಿನದಲ್ಲಿ ಎರಡರಲ್ಲೂ ಒಂದೇ ತರ ಮೊಳಕೆ ಬಂದರೆ ಉಳಿದ ಚೀಲ ತರಿಸುತ್ತೇನೆ.

ನೆಡುವ ತುಂಡು

ಬಸಳೆಗೆ ಬೀಜ ಹುಡುಕಬೇಡಿ. ಬೀಜದಿಂದಲೂ ಬರುತ್ತದೆ, ಆದರೆ ತಡ. ಬಳ್ಳಿ ತುಂಡೇ ಒಳ್ಳೆಯದು. ಅಂಗಡಿಯಿಂದ ತಂದ ಕಟ್ಟಿನ ದಂಟೂ ಚಿಗುರುತ್ತದೆ. ಆದರೆ ಅದರ ತಾಯಿ ಬಳ್ಳಿ ಹೇಗಿತ್ತು, ರೋಗ ಇತ್ತಾ, ಬೇಗ ಹೂ ಬಿಡುವ ಜಾತಿಯಾ ಎಂದು ಗೊತ್ತಿರುವುದಿಲ್ಲ. ಊರಿನಲ್ಲಿ ನಾಲ್ಕು ಮನೆ ಚಪ್ಪರ ನೋಡಿ, ಎಲೆ ದಪ್ಪಗೆ ಅಗಲವಾಗಿರುವ, ಚುಕ್ಕೆ ಇಲ್ಲದ ಬಳ್ಳಿ ಯಾವುದು ಎಂದು ಗುರುತು ಮಾಡಿಕೊಂಡು ಕೇಳಿ. ಬಸಳೆ ತುಂಡು ಕೊಡಲು ಯಾರೂ ಇಲ್ಲ ಅನ್ನುವುದಿಲ್ಲ.

ಈ ತಾಯಿ ಗಿಡದ ವಿಷಯ ಬಂದಾಗ ನಮ್ಮ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ನೆನಪಾಗುತ್ತಾರೆ. ಕಾಡಿನಲ್ಲಿ ಯಾವ ಮರ ಬೀಜಕ್ಕೆ ತಾಯಿ ಮರ, ಯಾವಾಗ ಬೀಜ ಆರಿಸಬೇಕು ಎಂದು ಗುರುತಿಸುವುದರಲ್ಲಿ ಅವರಿಗೆ ಹೆಸರಿತ್ತು. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದೇ ಕಲಿತವರು. 2021ರಲ್ಲಿ ಬರಿಗಾಲಿನಲ್ಲೇ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಗೊಬ್ಬರಕ್ಕಿಂತ ಮೊದಲು ತಾಯಿ ನೋಡು ಎನ್ನುವ ಪಾಠವನ್ನು ನಾನು ಅವರ ಕೆಲಸದಿಂದ ತೆಗೆದುಕೊಂಡೆ.

ಹಸಿರು ದಂಟು, ಕೆಂಪು ದಂಟು ಎಂದು ಎರಡು ಬಗೆ. ನನಗೆ ಹಸಿರು ದಂಟಿನದು ಇಷ್ಟ. ದಂಟು ದಪ್ಪ, ಬೆಂದರೆ ಬೆಣ್ಣೆ. ಕೆಂಪಿನದು ಚಪ್ಪರದ ಮೇಲೆ ನೋಡಲು ಚಂದ.

ಪೆನ್ಸಿಲ್‌ಗಿಂತ ದಪ್ಪ ಇರುವ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಬಳ್ಳಿಯನ್ನು ಒಂದು ಅಡಿ ತುಂಡು ಮಾಡಿ. ನಾಲ್ಕು ಗಂಟು ಇರಲಿ. ಕೆಳಗಿನ ಎಲೆ ತೆಗೆಯಿರಿ, ತುದಿಯಲ್ಲಿ ಒಂದೆರಡು ಬಿಡಿ. ಒಂದು ದಿನ ನೆರಳಲ್ಲಿ ಇಟ್ಟರೆ ಕೊಯ್ದ ಬಾಯಿ ಒಣಗುತ್ತದೆ. ಆಮೇಲೆ ನೆಟ್ಟರೆ ಕೊಳೆಯುವುದು ಕಡಿಮೆ. ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ನೆಡಿ. ಹೊಂಡಕ್ಕೆ ಎರಡು ತುಂಡು. ಮೇಲೆ ಒಂದು ತೆಂಗಿನ ಗರಿ ನೆರಳು. ಹತ್ತು ದಿನದಲ್ಲಿ ಬೇರು, ಎರಡು ವಾರದಲ್ಲಿ ಚಿಗುರು.

ಯಾವಾಗ ನೆಡಬೇಕು? ನಾನು ಸೆಪ್ಟೆಂಬರ್ ಕೊನೆಗೆ, ಜೋರು ಮಳೆ ನಿಂತ ಮೇಲೆ ನೆಡುತ್ತೇನೆ. ಮೇ ಕೊನೆಗೆ ನೆಡುವವರೂ ಇದ್ದಾರೆ. ಆದರೆ ನಮ್ಮ ಮಳೆಯಲ್ಲಿ ಅರ್ಧ ಬಳ್ಳಿ ಚುಕ್ಕೆ ರೋಗಕ್ಕೆ ಹೋಗುತ್ತದೆ.

ಚಪ್ಪರ

ಅಡಿಕೆ ಮರ ಸೀಳಿದ ದಬ್ಬೆ ಸಿಕ್ಕರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಬಿದಿರು. ಎಂಟು ಅಡಿ ಉದ್ದ, ಆರು ಅಡಿ ಅಗಲ. ಎತ್ತರ ನಿಮ್ಮ ಮನೆಯಲ್ಲಿ ಸೊಪ್ಪು ಕೊಯ್ಯುವವರ ಭುಜದ ಮಟ್ಟ. ನನ್ನ ಎತ್ತರಕ್ಕೆ ಕಟ್ಟಿದ್ದೆ, ಮನೆಯವಳಿಗೆ ಕೈ ಎಟುಕುತ್ತಿರಲಿಲ್ಲ. ಮರುವರ್ಷ ಅವಳನ್ನು ನಿಲ್ಲಿಸಿ ಅಳತೆ ತೆಗೆದೆ. ಮೇಲೆ ಒಂದು ಗೇಣಿಗೊಂದರಂತೆ ಕತ್ತದ ಹಗ್ಗ ಅಡ್ಡ ಉದ್ದ ಕಟ್ಟಿ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಚೂರಾಗಿ ಮಣ್ಣಿಗೆ ಸೇರುತ್ತದೆ, ಬೇಡ.

ಮೂಲೆ ಕಂಬಕ್ಕೆ ಗ್ಲಿರಿಸಿಡಿಯಾ ಗೂಟ ಹಾಕಿ. ನಮ್ಮ ಕಡೆ ಗೊಬ್ಬರದ ಗಿಡ ಅನ್ನುತ್ತಾರೆ. ಮಳೆ ಶುರುವಿನಲ್ಲಿ ನೆಟ್ಟರೆ ಬೇರು ಬಿಟ್ಟು ಜೀವಂತ ಕಂಬ ಆಗುತ್ತದೆ, ಗೆದ್ದಲು ಹಿಡಿಯುವುದಿಲ್ಲ. ದ್ವಿದಳ ಜಾತಿಯ ಗಿಡ ಅದು, ಎಲೆಯಲ್ಲಿ ಸಾರಜನಕ ಚೆನ್ನಾಗಿದೆ. ತಿಂಗಳಿಗೊಮ್ಮೆ ಕೊಂಬೆ ಸವರಿ ಎಲೆಯನ್ನು ಅಲ್ಲೇ ಬಸಳೆ ಬುಡಕ್ಕೆ ಹಾಕಿ. ಸವರದೆ ಬಿಟ್ಟರೆ ಚಪ್ಪರಕ್ಕೇ ನೆರಳು ಮಾಡುತ್ತದೆ.

ಉಣಿಸುವುದು

ಇದಕ್ಕೇ ಹೆಚ್ಚು ಗಮನ ಕೊಡಿ. ಹತ್ತು ದಿನಕ್ಕೊಮ್ಮೆ ಹೊಂಡಕ್ಕೆ ಎರಡು ಬೊಗಸೆ ಗೊಬ್ಬರ, ಅಷ್ಟೇ. ಬುಡದಿಂದ ಒಂದು ಗೇಣು ದೂರ, ಸುತ್ತ ಹರಡಿ, ದರಕು ಮುಚ್ಚಿ. ನಡುವೆ ಒಂದು ಸಲ ನೀರು ಗೊಬ್ಬರ. ಒಂದು ಪಾಲು ಸಗಣಿಗೆ ಹತ್ತು ಪಾಲು ನೀರು, ಎರಡು ದಿನ ಇಟ್ಟು ಕದಡಿ ಬುಡಕ್ಕೆ ಹಾಕಿ. ಎಲೆಗೆ ತಾಗಿಸಬೇಡಿ, ತಿನ್ನುವ ಸೊಪ್ಪು ಅಲ್ವಾ.

ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸುವ ಜೀವಾಮೃತ ಮಾಡುವವರು ಮಾಡಬಹುದು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ ಅಳತೆ ಎಕರೆಗೆ 200 ಲೀಟರ್ ಲೆಕ್ಕದ್ದು. ಹಿತ್ತಲಿಗೆ ಅದನ್ನು ಹತ್ತನೇ ಒಂದು ಭಾಗ ಮಾಡಿಕೊಂಡಿದ್ದೇನೆ: 20 ಲೀಟರ್ ನೀರು, 1 ಕಿಲೋ ನಾಟಿ ಹಸುವಿನ ಸಗಣಿ, ಮುಕ್ಕಾಲು ಲೀಟರ್ ಗಂಜಲ, 200 ಗ್ರಾಂ ಕಪ್ಪು ಬೆಲ್ಲ, 200 ಗ್ರಾಂ ಕಡಲೆ ಅಥವಾ ಹುರುಳಿ ಹಿಟ್ಟು, ಬೇಲಿ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿ ಇಟ್ಟು ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿ. ಎರಡು ದಿನ ಬಿಟ್ಟು ಬಳಸಿ, ವಾರದೊಳಗೆ ಮುಗಿಸಿ. ಒಂದು ವಿಷಯ ಮಾತ್ರ ನೆನಪಿಡಿ. ಜೀವಾಮೃತ ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸುತ್ತದೆ. ಅವಕ್ಕೆ ತಿನ್ನಲು ಎಲೆ ಕಸ ಬೇಕು. ಬರೀ ಹೊಯ್ಗೆಗೆ ಸುರಿದು ದರಕು ಹಾಕದಿದ್ದರೆ ಪ್ರಯೋಜನ ಕಡಿಮೆ.

ಕಡಲ ಬದಿಯವರಿಗೆ ಘಟ್ಟದವರಿಗಿಲ್ಲದ ಒಂದು ಗೊಬ್ಬರ ಇದೆ, ಮೀನು. ತಾರ್ಲೆ ರಾಶಿ ಬಿದ್ದ ವರ್ಷ ಅದನ್ನು ಒಣಗಿಸಿ ತೆಂಗಿನ ಬುಡಕ್ಕೆ ಹಾಕುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೀನು ತೊಳೆದ ನೀರನ್ನು ನೇರ ಬಸಳೆಗೆ ಹಾಕಿ. ತಲೆ, ಕರುಳು, ಈಜು ರೆಕ್ಕೆಯನ್ನು ಬುಡದಿಂದ ಒಂದು ಅಡಿ ದೂರದಲ್ಲಿ ಒಂದು ಗೇಣು ಆಳಕ್ಕೆ ಹೂಳಿ, ಮೇಲೆ ಚಿರೇಕಲ್ಲು ಇಡಿ. ಇಲ್ಲದಿದ್ದರೆ ರಾತ್ರಿ ನಾಯಿ ಬಂದು ಬಳ್ಳಿಯನ್ನೂ ಕಿತ್ತು ಹೋಗುತ್ತದೆ. ಉಪ್ಪು ಹಾಕಿದ ಒಣ ಮೀನು ಬೇಡವೇ ಬೇಡ. ದ್ರವ ಮಾಡುವುದಾದರೆ ಮೀನಿನ ತ್ಯಾಜ್ಯ ಎಷ್ಟೋ ಬೆಲ್ಲವೂ ಅಷ್ಟೇ ತೂಕ, ಒಂದು ಡಬ್ಬಿಯಲ್ಲಿ ಕಲಸಿ ಬಾಯಿ ಸಡಿಲವಾಗಿ ಮುಚ್ಚಿ. ತಿಂಗಳ ಹೊತ್ತಿಗೆ ಕಂದು ರಸ ಬಿಡುತ್ತದೆ. ಸೋಸಿ, ಲೀಟರ್ ನೀರಿಗೆ 5 ಮಿಲಿ ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ. ಜಾಸ್ತಿ ಹಾಕಿದರೆ ಬೇರು ಸುಡುತ್ತದೆ. ಮೀನು ತಿನ್ನದ ಮನೆಯವರು ಶೇಂಗಾ ಹಿಂಡಿ ನೆನೆಸಿದ ನೀರು ಹಾಕಿ, ಅದೂ ಒಳ್ಳೆಯದೇ.

ಒಲೆ ಬೂದಿ ತಿಂಗಳಿಗೆ ಒಂದು ಹಿಡಿ. ಅದರಲ್ಲಿ ಪೊಟ್ಯಾಷ್ ಇದೆ, ಸುಣ್ಣ ಇದೆ. ಹುಳಿ ಮಣ್ಣನ್ನು ಸರಿ ಮಾಡುತ್ತದೆ. ಆದರೆ ಬೂದಿಯನ್ನೂ ಸಗಣಿ ಗಂಜಲವನ್ನೂ ಒಟ್ಟಿಗೆ ಕಲಸಬೇಡಿ. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಒಂದು ವಾರ ಅಂತರ ಇರಲಿ.

ನೀರಿನ ವಿಷಯ. ಬಚ್ಚಲು ನೀರು ಬಸಳೆಗೆ ಹೋಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಸ್ನಾನದ ನೀರಾದರೆ ಅಡ್ಡಿ ಇಲ್ಲ. ಬಟ್ಟೆ ಒಗೆದ ಪೌಡರ್ ನೀರು ಬಿಡಬೇಡಿ. ಮೇ ತಿಂಗಳಲ್ಲಿ ಕಡಲ ಹತ್ತಿರದ ಬಾವಿ ಉಪ್ಪಾಗುತ್ತದೆ. ಎಲೆ ಅಂಚು ಕಂದು ಬಣ್ಣಕ್ಕೆ ಸುಟ್ಟ ಹಾಗೆ ಕಂಡರೆ ನೀರು ಬಾಯಿಗೆ ಹಾಕಿ ನೋಡಿ. ಉಪ್ಪು ಇದ್ದರೆ ಗಾಳಿಮರದ ಎಲೆ ದಪ್ಪಗೆ ಹೊದಿಸಿ, ನೀರು ಕಡಿಮೆ ಹಾಕಿ ಬಳ್ಳಿಯನ್ನು ಉಳಿಸಿಕೊಳ್ಳಿ. ಆ ತಿಂಗಳು ಕೊಯ್ಲು ಆಸೆ ಬೇಡ.

ರೋಗ, ಹುಳ

ಮಳೆಯಲ್ಲಿ ಎಲೆ ಮೇಲೆ ಕೆಂಪು ಅಂಚಿನ ದುಂಡು ಚುಕ್ಕೆ ಬರುತ್ತದೆ. ನಡುವೆ ಬೂದು ಬಣ್ಣ, ಆಮೇಲೆ ತೂತು. ಅದು ಶಿಲೀಂಧ್ರ. ನೆಲದಲ್ಲಿ ಬಿದ್ದ ಹಳೆ ಎಲೆಯಿಂದ ಮಳೆ ಹನಿ ಸಿಡಿದು ಮೇಲೆ ಹತ್ತುತ್ತದೆ. ಆದ್ದರಿಂದ ಬುಡದ ಒಂದು ಅಡಿವರೆಗೆ ಎಲೆ ಬಿಡಬೇಡಿ, ಕಿತ್ತು ಅಡುಗೆಗೆ ಬಳಸಿ. ಚುಕ್ಕೆ ಬಂದ ಎಲೆಯನ್ನು ಗೊಬ್ಬರಕ್ಕೆ ಹಾಕದೆ ಒಲೆಗೆ ಹಾಕಿ. ಬಳ್ಳಿ ಒತ್ತಾಗಿದ್ದರೆ ಗಾಳಿಯಾಡಲು ಬಿಡಿಸಿ. ಇಷ್ಟಕ್ಕೂ ನಿಲ್ಲದಿದ್ದರೆ ಸ್ಯೂಡೋಮೊನಾಸ್ ಪುಡಿ ಲೀಟರ್‌ಗೆ 10 ಗ್ರಾಂ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಅದು ಒಳ್ಳೆಯ ಬ್ಯಾಕ್ಟೀರಿಯಾ, ವಿಷ ಅಲ್ಲ.

ಇದಕ್ಕಿಂತ ಕೆಟ್ಟದ್ದು ಬೇರು ಗಂಟು. ನನ್ನ ಎರಡನೇ ವರ್ಷ ಹೋದದ್ದು ಇದರಿಂದಲೇ. ನೀರು ಇದೆ, ಗೊಬ್ಬರ ಇದೆ, ಎಲೆಯಲ್ಲಿ ಚುಕ್ಕೆಯೂ ಇಲ್ಲ. ಆದರೂ ಮಧ್ಯಾಹ್ನ ಬಾಡುತ್ತದೆ, ಚಿಗುರು ಬರುವುದಿಲ್ಲ. ಎರಡು ತಿಂಗಳು ಏನೆಂದು ತಿಳಿಯದೆ ಗೊಬ್ಬರ ಹಾಕುತ್ತಲೇ ಇದ್ದೆ. ಕೊನೆಗೆ ಒಂದು ಬಳ್ಳಿ ಕಿತ್ತು ನೋಡಿದರೆ ಬೇರಿನ ತುಂಬಾ ಅವರೆಕಾಳಿನಂಥ ಗಂಟು. ಕಣ್ಣಿಗೆ ಕಾಣದ ಜಂತುಹುಳ ಅದು, ಹೊಯ್ಗೆ ಮಣ್ಣು ಅದಕ್ಕೆ ಬಹಳ ಇಷ್ಟ. ಬಸಳೆಯೂ ಇಷ್ಟ. ಒಮ್ಮೆ ಬಂದ ಹೊಂಡದಲ್ಲಿ ಮತ್ತೆ ಬಸಳೆ, ಬದನೆ, ಬೆಂಡೆ, ಟೊಮೆಟೊ ನೆಟ್ಟರೆ ಮತ್ತೆ ಬರುತ್ತದೆ.

ನಾನು ಮಾಡಿದ್ದು ಹೀಗೆ. ಬೇರು ಸಮೇತ ಎಲ್ಲ ಕಿತ್ತು ಸುಟ್ಟೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಹೊಂಡದ ಮಣ್ಣು ಒದ್ದೆ ಮಾಡಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಟ್ಟೆ. ಒಳಗಿನ ಬಿಸಿಗೆ ಜಂತು ಸಾಯುತ್ತದೆ. ಮಳೆಗಾಲದಲ್ಲಿ ಅಲ್ಲೇ ಗೊಂಡೆ ಹೂ (ಚೆಂಡು ಹೂ) ಒತ್ತಾಗಿ ಬೆಳೆಸಿದೆ. ಗೊಂಡೆ ಬೇರು ಈ ಜಂತುವಿಗೆ ಆಗದು. ದೀಪಾವಳಿಗೆ ಮನೆಗೆ ಬೇಕಾದಷ್ಟು ಹೂ ಸಿಕ್ಕಿತು. ಬಸಳೆಗೆ ಆ ವರ್ಷ ಬೇರೆ ಜಾಗದಲ್ಲಿ ಹೊಂಡ ತೆಗೆದು, ಹೊಂಡಕ್ಕೆ ಕಾಲು ಕಿಲೋ ಬೇವಿನ ಹಿಂಡಿ ಕಲಸಿದೆ. ಈಗ ಆರು ಹೊಂಡ ಇವೆ. ಮೂರರಲ್ಲಿ ಬಸಳೆ, ಮೂರರಲ್ಲಿ ಗೊಂಡೆ. ವರ್ಷಕ್ಕೊಮ್ಮೆ ಅದಲು ಬದಲು. ಅನುಮಾನ ಇದ್ದರೆ ಬೇರು ತೆಗೆದುಕೊಂಡು ಹೋಗಿ ಸಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ನನ್ನ ಹಾಗೆ ಎರಡು ತಿಂಗಳು ಕಾಯಬೇಡಿ.

ಶಂಖದ ಹುಳುವಿಗೆ ಉಪ್ಪು ಸುರಿಯುವವರನ್ನು ನೋಡಿದ್ದೇನೆ. ಆ ಉಪ್ಪು ನಿಮ್ಮ ಹೊಂಡಕ್ಕೇ ಇಳಿಯುತ್ತದೆ. ಸಂಜೆ ಒದ್ದೆ ಗೋಣಿ ಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಎತ್ತಿದರೆ ಎಲ್ಲ ಅಲ್ಲೇ ಸೇರಿರುತ್ತವೆ. ಕೈಗೆ ಏನಾದರೂ ಹಾಕಿಕೊಂಡು ಆರಿಸಿ.

ಕೊಯ್ಲು

ನೆಟ್ಟು ಏಳೆಂಟು ವಾರಕ್ಕೆ ಮೊದಲ ಕೊಯ್ಲು. ಎಲೆ ಮಾತ್ರ ಕಿತ್ತರೆ ಬಳ್ಳಿ ಉದ್ದ ಹೋಗುತ್ತದೆ, ಕವಲು ಒಡೆಯುವುದಿಲ್ಲ. ದಂಟಿನ ಸಮೇತ ಒಂದೂವರೆ ಅಡಿ ಕೊಯ್ಯಿರಿ. ಕೆಳಗೆ ಎರಡು ಗಂಟು ಬಿಡಿ. ಪ್ರತಿ ಗಂಟಿನಿಂದ ಹೊಸ ಕವಲು ಬರುತ್ತದೆ. ಹದಿನೈದು ದಿನಕ್ಕೆ ಮತ್ತೆ ಕೊಯ್ಲಿಗೆ ಸಿದ್ಧ. ಕೊಯ್ದ ಮರುದಿನ ನೀರು ಗೊಬ್ಬರ ಕೊಡುವುದನ್ನು ಮರೆಯಬೇಡಿ.

ನವೆಂಬರ್ ಹೊತ್ತಿಗೆ ಹಗಲು ಸಣ್ಣದಾಗುತ್ತಾ ಬಂದಂತೆ ಬಸಳೆ ಹೂ ಬಿಡುತ್ತದೆ. ಹೂ ಬಂತೆಂದರೆ ಎಲೆ ಚಿಕ್ಕದಾಗುತ್ತದೆ, ದಂಟು ನಾರಾಗುತ್ತದೆ. ದಿನಾ ಬೆಳಿಗ್ಗೆ ಹೂವಿನ ಕಡ್ಡಿ ಚಿವುಟಿ. ಸಾರಜನಕ ಇರುವ ಗೊಬ್ಬರ, ಅಂದರೆ ಮೀನಿನ ರಸ ಅಥವಾ ಗೊಬ್ಬರದ ಗಿಡದ ಎಲೆ ಒಂದು ಸಲ ಜಾಸ್ತಿ ಕೊಡಿ. ಒಂದು ಬಳ್ಳಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದರ ನೇರಳೆ ಹಣ್ಣು ಹಿಂಡಿ ಮೊಮ್ಮಗಳು ಬಣ್ಣ ಮಾಡಿಕೊಳ್ಳುತ್ತಾಳೆ.

ಹಿತ್ತಲು ಇಲ್ಲದವರು

ಕಾರವಾರದ ಭಾನುವಾರದ ಸಂತೆಗೆ ಬೇಗ ಹೋಗಿ. ಟ್ರೇ ಜೋಡಿಸಿದ ಸಾಲು ದಾಟಿದರೆ, ನೆಲದ ಮೇಲೆ ಗೋಣಿ ಹಾಸಿ ನಾಲ್ಕು ಕಟ್ಟು ಹರಿವೆ, ಎರಡು ಕಟ್ಟು ಬಸಳೆ ಇಟ್ಟುಕೊಂಡು ಕೂತವರು ಕಾಣುತ್ತಾರೆ. ಯಾವ ಊರು, ಯಾವಾಗ ಕೊಯ್ದದ್ದು, ಏನು ಗೊಬ್ಬರ ಎಂದು ಕೇಳಿ. ತಾವೇ ಬೆಳೆದವರು ಗದ್ದೆಯ ಹೆಸರು ಸಮೇತ ಹೇಳುತ್ತಾರೆ. ಎಲೆಯಲ್ಲಿ ತೂತು ಇದ್ದರೆ ಔಷಧಿ ಹೊಡೆದಿಲ್ಲ ಎನ್ನುವ ಮಾತನ್ನು ನಂಬಬೇಡಿ. ಹುಳ ತಿಂದ ಮೇಲೂ ಹೊಡೆಯುತ್ತಾರೆ. ಚೌಕಾಸಿ ಮಾಡಬೇಡಿ. ಹತ್ತು ದಿನಕ್ಕೊಮ್ಮೆ ಬೊಗಸೆ ಲೆಕ್ಕದಲ್ಲಿ ಉಣಿಸಿ ಬೆಳೆದ ಕಟ್ಟು ಅದು. ಪೊಟ್ಟಣದ ಪದಾರ್ಥವಾದರೆ ಸರ್ಕಾರದ ಸಾವಯವ ಗುರುತು ನೋಡಿ ಕೊಳ್ಳಿ.

ಬಸಳೆಯನ್ನು ನಮ್ಮಲ್ಲಿ ಬಳಚಿನ (ಹೊಳೆಯ ಚಿಪ್ಪುಮೀನಿನ) ಜೊತೆ ಮಾಡುತ್ತಾರೆ, ಒಣ ಸೀಗಡಿಯ ಜೊತೆ ಮಾಡುತ್ತಾರೆ. ಶನಿವಾರ ಹಲಸಿನ ಬೀಜ ಹಾಕಿ, ಮುರುಗಲು ಹುಳಿ ಬಿಟ್ಟು. ಕಳೆದ ವರ್ಷ ಒಂದು ದಿನ ಊಟಕ್ಕೆ ಕೂತಾಗ ಲೆಕ್ಕ ಹಾಕಿದೆ. ಅನ್ನ ಕಗ್ಗ ಅಕ್ಕಿಯದು, ಕುಮಟಾ ಕಡೆ ಮಾಣಿಕಟ್ಟಾ ಗಜನಿಯಲ್ಲಿ ಬೆಳೆದದ್ದು. ಉಪ್ಪು ನೀರು ನುಗ್ಗುವ ಗದ್ದೆಯಲ್ಲೂ ಗೊಬ್ಬರ ಬೇಡದೆ ನಿಲ್ಲುವ ಭತ್ತ ಅದು. ಪರಿಚಯದವರೊಬ್ಬರು ಹತ್ತು ಕಿಲೋ ಕೊಟ್ಟಿದ್ದರು. ಬಳಚು ಅಘನಾಶಿನಿ ಹೊಳೆಯದು. ಉಪ್ಪು ಸಾಣಿಕಟ್ಟಾದ್ದು. ಕಾಯಿ, ಮುರುಗಲು, ಬಸಳೆ ಹಿತ್ತಲದ್ದು. ಮೆಣಸು ಮಾತ್ರ ಘಟ್ಟ ಇಳಿದು ಬಂದದ್ದು. ಅದೂ ಬ್ಯಾಡಗಿಯದು ಎಂದು ಊರಿನ ಹೆಸರು ಗೊತ್ತಿತ್ತು. 31 ವರ್ಷ ಲಗೇಜ್ ಟಿಕೆಟ್ ಹರಿದವನಿಗೆ ಆ ಊಟ ಎಷ್ಟು ಸಂತೋಷ ಕೊಟ್ಟಿತು ಎಂದು ಹೇಳಲು ಬರುವುದಿಲ್ಲ.

ಕೊನೆಗೆ ಒಂದು ಕೆಲಸ ಉಳಿದಿದೆ. ಮೇ 20ರ ಒಳಗೆ, ಮೊದಲ ಮಳೆಗೆ ಮುಂಚೆ, ಒಳ್ಳೆಯ ಬಳ್ಳಿಯಿಂದ ಆರು ತುಂಡು ತೆಗೆದು ಹಳೇ ಬಕೆಟ್‌ಗಳಲ್ಲಿ ನೆಡಿ. ತಳಕ್ಕೆ ಮೂರು ತೂತು ಇರಲಿ. ಮಾಡಿನ ಕೆಳಗೆ, ಮಳೆ ನೇರ ಬೀಳದ, ಬೆಳಕು ಬರುವ ಕಡೆ ಇಡಿ. ಚಪ್ಪರದ ಬಳ್ಳಿ ಮಳೆಗೆ ಕೊಳೆತರೂ ಸೆಪ್ಟೆಂಬರ್‌ಗೆ ನೆಡುವ ತುಂಡು ಈ ಬಕೆಟ್‌ನಿಂದಲೇ ಸಿಗುತ್ತದೆ. ನಮ್ಮ ಮನೆಯಲ್ಲಿ ಈಗ ಎರಡು ಬಕೆಟ್ ನಮಗೆ, ಎರಡು ಪಕ್ಕದ ಮನೆಗೆ. ಉಳಿದ ಎರಡು ಹಾಲಕ್ಕಿ ಅಜ್ಜಿಗೆ. ಹೋದ ಮಳೆಗೆ ಅವರ ಬಳ್ಳಿ ಕೊಳೆತು ಹೋಯಿತಂತೆ. ಮುಂದಿನ ವಾರ ಬುಟ್ಟಿ ತಂದಾಗ ಅದರಲ್ಲೇ ಕಟ್ಟಿ ಕೊಡಬೇಕು.